ಮೂರು ಪಾಲಿನ ರುಪಿಯಾ, ಮುಗಿಯದ ಒಂಬತ್ತು

ಮಕ್ಕಳೇ, ಒಂದು ರೂಪಾಯಿಯನ್ನು ಮೂವರಿಗೆ ಸಮನಾಗಿ ಹಂಚಿ ನೋಡಿ. ತಲೆಗೆ 33 ಪೈಸೆ ಕೊಟ್ಟರೆ 99 ಪೈಸೆ ಖರ್ಚಾಯಿತು, ಒಂದು ಪೈಸೆ ಕೈಯಲ್ಲೇ ಉಳಿಯಿತು. ಅದನ್ನು ಹತ್ತು ಚೂರು ಮಾಡಿ ಹಂಚೋಣ ಎಂದರೆ ತಲೆಗೆ ಮೂರು ಚೂರು, ಮತ್ತೆ ಒಂದು ಚೂರು ಉಳಿಕೆ. ಆ ಚೂರನ್ನೂ ಹತ್ತು ಮಾಡಿದರೆ ಮತ್ತೆ ಮೂರು ಮೂರು, ಮತ್ತೆ ಒಂದು. ಎಷ್ಟು ಹೊತ್ತು ಕುಳಿತರೂ ಈ ಹಂಚಿಕೆ ಮುಗಿಯುವುದಿಲ್ಲ.

ಇದೇ ಹಂಚಿಕೆ ಹಿಂದೆ ಗೋವೆಯಲ್ಲಿ ಒಂದೇ ಏಟಿಗೆ ಮುಗಿಯುತ್ತಿತ್ತು. ಆಗ ಗೋವೆಯನ್ನು ಪೋರ್ಚುಗೀಸರು ಆಳುತ್ತಿದ್ದರು. ಅಲ್ಲಿನ ಹಣದ ಹೆಸರು ರುಪಿಯಾ. ಒಂದು ರುಪಿಯಾಕ್ಕೆ 16 ತಂಗಾ, ಒಂದು ತಂಗಾಕ್ಕೆ 60 ರೇಯಿಸ್. ಹದಿನಾರನ್ನು ಅರವತ್ತರಿಂದ ಗುಣಿಸಿ: ಒಂದು ರುಪಿಯಾಕ್ಕೆ 960 ರೇಯಿಸ್ ಆಯಿತು. 1871ರಿಂದ 1958ರವರೆಗೆ ಪಣಜಿ, ಮಡಗಾಂವ್, ಮಾಪ್ಸಾಗಳ ಅಂಗಡಿಗಳಲ್ಲಿ ನಡೆದದ್ದು ಇದೇ ಲೆಕ್ಕ. ಈಗ ಮೂವರಿಗೆ ಹಂಚಿ. ತಲೆಗೆ 320 ರೇಯಿಸ್, ಅಂದರೆ 5 ತಂಗಾ 20 ರೇಯಿಸ್. ಕೈಯಲ್ಲಿ ಏನೂ ಉಳಿಯಲಿಲ್ಲ!

ಗಡಿಯ ಈಚೆ, ಕಾರವಾರದ ಕಡೆ, ಹಣದ ಲೆಕ್ಕ ಬೇರೆಯಾಗಿತ್ತು. ರೂಪಾಯಿಗೆ 16 ಆಣೆ, ಆಣೆಗೆ 12 ಪೈ, ಒಟ್ಟು 192 ಪೈ. ಮೂವರಿಗೆ ಹಂಚಿದರೆ ತಲೆಗೆ 64 ಪೈ, ಅಂದರೆ 5 ಆಣೆ 4 ಪೈ. ಇಲ್ಲಿಯೂ ಉಳಿಕೆಯಿಲ್ಲ. ನಿಮ್ಮ ಮನೆಯಲ್ಲಿ ಮುತ್ತಜ್ಜ, ಮುತ್ತಜ್ಜಿ ಇದ್ದರೆ ಆಣೆ ಪೈಗಳ ಮಗ್ಗಿ ಹೇಳಿಸಿಕೊಳ್ಳಿ.

ಮುಂದೆ ಗಡಿಯ ಎರಡೂ ಕಡೆ ನೂರರ ಲೆಕ್ಕ ಬಂತು. ಭಾರತದಲ್ಲಿ 1957ರ ಏಪ್ರಿಲ್ 1ರಿಂದ ರೂಪಾಯಿಗೆ 100 ನಯಾ ಪೈಸೆ ಎಂದಾಯಿತು. ಗೋವೆಯಲ್ಲಿ 1958ರಲ್ಲಿ ರುಪಿಯಾದ ಜಾಗಕ್ಕೆ ಎಸ್ಕುಡೊ ಬಂತು. ಹಳೆಯ ಒಂದು ರುಪಿಯಾಕ್ಕೆ 6 ಎಸ್ಕುಡೊ, ಒಂದು ಎಸ್ಕುಡೊಗೆ 100 ಸೆಂತಾವೊ. 1961ರ ಡಿಸೆಂಬರ್ 19ರಂದು ಗೋವೆ ವಿಮೋಚನೆಯಾಗಿ ಭಾರತಕ್ಕೆ ಸೇರಿದ ಮೇಲೆ ಅಲ್ಲಿಗೂ ನಮ್ಮ ರೂಪಾಯಿ ಪೈಸೆಯೇ ಬಂತು. ಕೂಡುವುದು, ಗುಣಿಸುವುದು ಎಲ್ಲವೂ ಸಲೀಸಾಯಿತು, ನಿಜ. ಆದರೆ ಮೂರನೇ ಒಂದು ಪಾಲು ಮಾತ್ರ ಕೈಗೆ ಸಿಗದೆ 33.333… ಎಂದು ಓಡತೊಡಗಿತು.

ಇಲ್ಲಿ ಸ್ವಲ್ಪ ನಿಂತು ಯೋಚಿಸೋಣ. ಮೂರನೇ ಒಂದು ಪಾಲು ಎಂಬುದು ಬದಲಾಗಿದೆಯೇ? ಇಲ್ಲ. 960 ರೇಯಿಸಿನ ಕಾಲದಲ್ಲಿ ಅದು ಎಷ್ಟಿತ್ತೋ 100 ಪೈಸೆಯ ಕಾಲದಲ್ಲೂ ಅಷ್ಟೇ ಇದೆ. ಬದಲಾದದ್ದು ನಾವು ರೂಪಾಯಿಯನ್ನು ಎಷ್ಟು ಚೂರು ಮಾಡಿದೆವು ಎಂಬುದು ಮಾತ್ರ. ಮುಗಿಯದೆ ಓಡುತ್ತಿರುವುದು ನಮ್ಮ ಬರವಣಿಗೆ. ಆ ಪಾಲು ಇದ್ದಲ್ಲೇ ಇದೆ. ಈ ಮಾತನ್ನು ಗಟ್ಟಿಯಾಗಿ ಹಿಡಿದುಕೊಳ್ಳಿ, ಮುಂದೆ ನಮಗೆ ಬೇಕಾಗುತ್ತದೆ.

ಹಾಗಾದರೆ ಯಾವ ಭಿನ್ನರಾಶಿ ದಶಮಾಂಶದಲ್ಲಿ ಮುಗಿಯುತ್ತದೆ, ಯಾವುದು ಮುಗಿಯುವುದಿಲ್ಲ? ದಶಮಾಂಶ ಎಂದರೆ ಹತ್ತು, ನೂರು, ಸಾವಿರ ಚೂರುಗಳ ಲೆಕ್ಕ. ಹತ್ತನ್ನು ಒಡೆದರೆ ಸಿಗುವುದು 2 ಮತ್ತು 5 ಮಾತ್ರ. ನೂರನ್ನು ಒಡೆದರೂ ಸಾವಿರವನ್ನು ಒಡೆದರೂ ಎರಡುಗಳು, ಐದುಗಳು ಬಿಟ್ಟು ಬೇರೇನೂ ಇಲ್ಲ. ಹಾಗಾಗಿ ಅತಿ ಸರಳ ರೂಪದಲ್ಲಿ ಛೇದದೊಳಗೆ ಎರಡು, ಐದುಗಳಷ್ಟೇ ಇರುವ ಭಿನ್ನರಾಶಿಗಳು ಮುಗಿಯುತ್ತವೆ. 1/4 ಎಂದರೆ 0.25, 1/8 ಎಂದರೆ 0.125, 1/40 ಎಂದರೆ 0.025. ಛೇದದಲ್ಲಿ 3, 7, 11 ಇಂಥವು ಹೊಕ್ಕರೆ ಮುಗಿಯುವ ದಾರಿಯೇ ಇಲ್ಲ. ಗೋವೆಯ 960ರಲ್ಲಿ ಎರಡು, ಐದುಗಳ ಜೊತೆಗೆ ಒಂದು ಮೂರು ಕೂಡ ಅಡಗಿ ಕುಳಿತಿತ್ತು. ಅದರಿಂದಲೇ ಮೂವರ ಪಾಲು ಸರಿಹೋಯಿತು. ಏಳು ಜನ ಬಂದಿದ್ದರೆ 960 ಕೂಡ ಕೈಕೊಡುತ್ತಿತ್ತು: ತಲೆಗೆ 137, ಉಳಿಕೆ 1.

ಮುಗಿಯದಿದ್ದರೆ ಅಂಕಿಗಳು ಮರುಕಳಿಸಲೇಬೇಕು. ಅದಕ್ಕೆ ಕಾರಣ ಬಹಳ ಸರಳ. 1ನ್ನು 7ರಿಂದ ಭಾಗಿಸುವಾಗ ಪ್ರತಿ ಹೆಜ್ಜೆಯಲ್ಲೂ ಒಂದು ಶೇಷ ಉಳಿಯುತ್ತದೆ. ಆ ಶೇಷ 1ರಿಂದ 6ರೊಳಗೇ ಇರಬೇಕು. ಆರೇ ಆಯ್ಕೆ ಇರುವಾಗ ಏಳನೇ ಹೆಜ್ಜೆಗೆ ಬರುವಷ್ಟರಲ್ಲಿ ಹಳೆಯ ಶೇಷವೊಂದು ಮರಳಿ ಬಂದೇ ಬರುತ್ತದೆ. ಅದು ಬಂದ ಕ್ಷಣದಿಂದ ಹಳೆಯ ಅಂಕಿಗಳೂ ಅದೇ ಸಾಲಿನಲ್ಲಿ ಹಿಂದೆಯೇ ಬರುತ್ತವೆ. ಮಾಡಿ ನೋಡಿ: ಶೇಷಗಳು 3, 2, 6, 4, 5, 1, ಅಂಕಿಗಳು 1, 4, 2, 8, 5, 7. ಆಮೇಲೆ ಮತ್ತೆ ಮೊದಲಿನಿಂದ. ಹೀಗೆ ಬರುವುದನ್ನು ಶಾಲೆಯಲ್ಲಿ ಆವರ್ತ ದಶಮಾಂಶ ಎನ್ನುತ್ತಾರೆ. ಈ 142857 ಎಂಬ ಸಾಲನ್ನು ಒಂದು ಕಡೆ ಬರೆದಿಟ್ಟುಕೊಳ್ಳಿ. ಅದು ಸಾಮಾನ್ಯದ ಸಾಲಲ್ಲ.

ಈಗ ನಮ್ಮ ಮುಖ್ಯ ಪ್ರಶ್ನೆ. 1/3 ಎಂದರೆ 0.333… ಎಂದು ಎಲ್ಲರೂ ಒಪ್ಪುತ್ತಾರೆ. ಮೂವರ ಪಾಲನ್ನು ಮತ್ತೆ ಒಟ್ಟುಗೂಡಿಸಿ. ಮೂರು ಮೂರ್ಲ ಒಂಬತ್ತು, ಎಲ್ಲ ಸ್ಥಾನಗಳಲ್ಲೂ ಒಂಬತ್ತು. ಹೀಗೆ ಸಿಕ್ಕಿದ್ದು 0.999…. ಆದರೆ ಮೂವರೂ ತಮ್ಮ ತಮ್ಮ ಪಾಲನ್ನು ಮರಳಿ ಇಟ್ಟರೆ ಬರಬೇಕಾದದ್ದು ಪೂರ್ತಿ ಒಂದು. ಹಾಗಾದರೆ ಮುಗಿಯದ ಒಂಬತ್ತುಗಳ ಈ ಸಾಲು ಒಂದು ಎಂಬ ಪೂರ್ಣಾಂಕವೇ ಆಗಿಬಿಟ್ಟಿತೇ?

ಒಂಬತ್ತನೇ ತರಗತಿಯ ಎನ್‌ಸಿಇಆರ್‌ಟಿ ಗಣಿತ ಪುಸ್ತಕದಲ್ಲಿ ಹಲವು ವರ್ಷ ಈ ಪ್ರಶ್ನೆ ಇತ್ತು. 0.999…ನ್ನು ಭಿನ್ನರಾಶಿಯಾಗಿ ಬರೆಯಿರಿ, ಉತ್ತರ ನೋಡಿ ನಿಮಗೆ ಆಶ್ಚರ್ಯವಾಯಿತೇ ಎಂದು ಅಲ್ಲಿ ಕೇಳಿದ್ದರು. ಆಶ್ಚರ್ಯವಾಗುವುದು ಸಹಜ. ತರಗತಿಯಲ್ಲಿ ಯಾರಾದರೊಬ್ಬರು ಎದ್ದು ನಿಂತು, ‘ಅದು ಒಂದರ ಹತ್ತಿರ ಹೋಗುತ್ತದೆ, ಆದರೆ ಒಂದಾಗುವುದಿಲ್ಲ, ಒಂದಿಷ್ಟು ಕಡಿಮೆ ಇದ್ದೇ ಇರುತ್ತದೆ’ ಎಂದೇ ಎನ್ನುತ್ತಾರೆ. ಆ ಮಾತು ನನಗೆ ಬಹಳ ಇಷ್ಟ. ಹಾಗೆ ಹೇಳುವ ಮಗು ನಿಜವಾಗಿ ಯೋಚಿಸುತ್ತಿದೆ. ಸುಮ್ಮನೆ ‘ಒಂದೇ, ಬರೆದುಕೊಳ್ಳಿ’ ಎಂದು ಅದರ ಬಾಯಿ ಮುಚ್ಚಿಸಬಾರದು. ಆ ‘ಒಂದಿಷ್ಟು’ ಎಲ್ಲಿದೆ, ಎಷ್ಟಿದೆ ಎಂದು ಜೊತೆಯಲ್ಲಿ ಕುಳಿತು ಹುಡುಕಬೇಕು.

ಹುಡುಕಲು ನಮಗೆ ಇಬ್ಬರು ಹಿರಿಯರ ಸಹಾಯ ಸಿಗುತ್ತದೆ. ಇಬ್ಬರೂ ನಮ್ಮ ದಕ್ಷಿಣದವರೇ.

ಮೊದಲನೆಯವರು ಮಹಾವೀರಾಚಾರ್ಯರು. ಮಾನ್ಯಖೇಟದಿಂದ, ಅಂದರೆ ಈಗಿನ ಕಲಬುರಗಿ ಜಿಲ್ಲೆಯ ಮಳಖೇಡದಿಂದ ಆಳಿದ ರಾಷ್ಟ್ರಕೂಟ ಅಮೋಘವರ್ಷ ನೃಪತುಂಗನ ಹೆಸರು ನೀವು ಕೇಳಿದ್ದೀರಿ. ಅವನ ಕಾಲದಲ್ಲಿ, ಸುಮಾರು 850ರಲ್ಲಿ, ಮಹಾವೀರಾಚಾರ್ಯರು ‘ಗಣಿತಸಾರಸಂಗ್ರಹ’ ಎಂಬ ಸಂಸ್ಕೃತ ಗ್ರಂಥ ಬರೆದರು. ಆ ದಿನಗಳಲ್ಲಿ ಗೋವೆಯನ್ನೂ ಒಳಗೊಂಡ ದಕ್ಷಿಣ ಕೊಂಕಣವನ್ನು ಆಳುತ್ತಿದ್ದ ಶಿಲಾಹಾರರು ರಾಷ್ಟ್ರಕೂಟರ ಸಾಮಂತರಾಗಿದ್ದರು. ಅಂದರೆ ಮಳಖೇಡವೂ ಗೋವೆಯ ಕಡಲತೀರವೂ ಆಗ ಒಂದೇ ಸಾಮ್ರಾಜ್ಯದ ನೆರಳಿನಲ್ಲಿದ್ದವು.

ಒಂದು ಎಂಬ ಪೂರ್ಣಾಂಕವನ್ನು ಹೇಗೆ ತುಂಡು ಮಾಡಬಹುದು ಎಂದು ಮಹಾವೀರಾಚಾರ್ಯರು ಯೋಚಿಸಿದರು. ಅವರು ಹಾಕಿಕೊಂಡ ಕಟ್ಟಳೆ ಏನೆಂದರೆ, ಪ್ರತಿ ತುಂಡಿನ ಅಂಶವೂ 1 ಆಗಿರಬೇಕು. ಅವರ ಸೂತ್ರದ ಪ್ರಕಾರ ನಾಲ್ಕು ತುಂಡು ಬೇಕಾದರೆ ಹೀಗೆ:

1/2 + 1/3 + 1/9 + 1/18 = 1

ಐದು ತುಂಡು ಬೇಕಾದರೆ:

1/2 + 1/3 + 1/9 + 1/27 + 1/54 = 1

ಕೂಡಿಸಿ ನೋಡಿ, ಎರಡೂ ಸರಿ. ಮೊದಲ ತುಂಡು ಅರ್ಧ. ಆಮೇಲೆ 3, 9, 27 ಎಂದು ಛೇದ ಮೂರು ಮೂರು ಪಟ್ಟು ಬೆಳೆಯುತ್ತದೆ. ಕೊನೆಯ ತುಂಡು ಮಾತ್ರ ಸಾಲು ತಪ್ಪಿಸುತ್ತದೆ. ಯಾಕೆ? ಅದು ಉಳಿಕೆಯನ್ನು ಮುಚ್ಚುವ ತುಂಡು. 1/2, 1/3, 1/9 ಕೂಡಿದಾಗ 17/18 ಆಗುತ್ತದೆ, 1/18 ಕಡಿಮೆ ಬೀಳುತ್ತದೆ. ಆ 1/18ನ್ನೇ ತಂದು ಕೊನೆಗೆ ಕೂರಿಸಿದರು. ಇನ್ನೊಂದು ಹೆಜ್ಜೆ ಮುಂದೆ ಹೋದರೆ ಉಳಿಕೆ 1/54. ಇನ್ನೂ ಒಂದು ಹೆಜ್ಜೆಗೆ 1/162. ಪ್ರತಿ ಸಲವೂ ಉಳಿಕೆ ಮೂರನೇ ಒಂದು ಭಾಗಕ್ಕೆ ಇಳಿಯುತ್ತದೆ.

ನಮ್ಮ ಒಂಬತ್ತುಗಳಿಗೂ ಇದನ್ನೇ ಮಾಡಬಹುದು.

9/10 + 1/10 = 1

9/10 + 9/100 + 1/100 = 1

9/10 + 9/100 + 9/1000 + 1/1000 = 1

ಇಲ್ಲಿಯೂ ಕೊನೆಯ ತುಂಡು ಉಳಿಕೆಯನ್ನು ಮುಚ್ಚುವ ತುಂಡು. ಮೂರು ಒಂಬತ್ತು ಬರೆದು ನಿಂತರೆ 0.999. ಅದು ಒಂದಲ್ಲ, ಸಾವಿರದಲ್ಲಿ ಒಂದು ಭಾಗ ಕಡಿಮೆ. ಕೋಟಿ ಒಂಬತ್ತು ಬರೆದು ನಿಂತರೂ ಒಂದಲ್ಲ. ಎದ್ದು ನಿಂತ ಆ ಮಗು ಹೇಳಿದ್ದು ಇಲ್ಲಿಯವರೆಗೆ ನೂರಕ್ಕೆ ನೂರು ಸರಿ. ಆದರೆ ಪ್ರತಿ ಸಾಲಿನಲ್ಲೂ ನಾವು ನಿಂತಿದ್ದೇವೆ ಎಂಬುದನ್ನು ಗಮನಿಸಿ. ನಿಂತವರಿಗೆ ಮಾತ್ರ ತುಂಡು ಉಳಿಯುತ್ತದೆ. ನಿಲ್ಲದೇ ಹೋದರೆ?

ಅದಕ್ಕೆ ಎರಡನೆಯ ಹಿರಿಯರ ಹತ್ತಿರ ಹೋಗಬೇಕು. ಅವರು ಕೇರಳದ ನೀಲಕಂಠ ಸೋಮಯಾಜಿ. 1444ರಲ್ಲಿ ಹುಟ್ಟಿದವರು, ಗೋವೆಯಿಂದ ಇದೇ ಪಶ್ಚಿಮ ಕರಾವಳಿ ಹಿಡಿದು ದಕ್ಷಿಣಕ್ಕೆ ಹೋದರೆ ಸಿಗುವ ತಿರೂರಿನ ಸಮೀಪದವರು. ಆರ್ಯಭಟೀಯಕ್ಕೆ ಅವರು ಬರೆದ ಭಾಷ್ಯದಲ್ಲಿ ನಮ್ಮ ಪ್ರಶ್ನೆಯ ಅಣ್ಣತಮ್ಮನಂಥ ಪ್ರಶ್ನೆಯೊಂದಿದೆ. ಒಂದರ ನಾಲ್ಕನೇ ಒಂದು, ಅದರ ನಾಲ್ಕನೇ ಒಂದು, ಮತ್ತೆ ಅದರ ನಾಲ್ಕನೇ ಒಂದು, ಹೀಗೆ ಕೊನೆಯಿಲ್ಲದೆ ಕೂಡುತ್ತ ಹೋದರೆ ಸಿಗುವುದು ಸರಿಯಾಗಿ ಮೂರನೇ ಒಂದು:

1/4 + 1/16 + 1/64 + … = 1/3

ಇದನ್ನು ಓದಿ ನಂಬುವುದಕ್ಕಿಂತ ಕೈಯಾರೆ ಮಾಡಿ ನೋಡುವುದು ಒಳ್ಳೆಯದು. ಹಳೆಯ ಪತ್ರಿಕೆಯಿಂದ ಒಂದು ಚೌಕ ಕತ್ತರಿಸಿಕೊಳ್ಳಿ. ಇಬ್ಬರು ಗೆಳೆಯರನ್ನು ಕರೆಯಿರಿ, ನೀವು ಸೇರಿ ಮೂವರು. ಚೌಕವನ್ನು ಉದ್ದಕ್ಕೆ ಒಮ್ಮೆ, ಅಡ್ಡಕ್ಕೆ ಒಮ್ಮೆ ಮಡಚಿದರೆ ನಾಲ್ಕು ಸಮ ಚೌಕಗಳಾಗುತ್ತವೆ. ಕತ್ತರಿಸಿ ತಲೆಗೊಂದು ತೆಗೆದುಕೊಳ್ಳಿ, ಒಂದು ಉಳಿಯುತ್ತದೆ. ಉಳಿದದ್ದನ್ನು ಮತ್ತೆ ನಾಲ್ಕು ಮಾಡಿ, ತಲೆಗೊಂದು, ಉಳಿಕೆ ಒಂದು. ಹೀಗೆ ಆರು ಸುತ್ತು ಮಾಡುವಷ್ಟರಲ್ಲಿ ಉಳಿದ ಚೂರು ಮೊದಲ ಹಾಳೆಯ 4096ನೇ ಒಂದು ಭಾಗವಷ್ಟೇ ಆಗಿರುತ್ತದೆ. ಕತ್ತರಿ ಅಲ್ಲಿಗೆ ಸೋಲುತ್ತದೆ, ಮನಸ್ಸು ಸೋಲಬೇಕಾಗಿಲ್ಲ. ಮೂವರಿಗೂ ಪ್ರತಿ ಸುತ್ತಿನಲ್ಲಿ ಸಮನಾಗಿಯೇ ಸಿಕ್ಕಿದೆ. ಹಾಳೆಯೆಲ್ಲ ಮೂವರ ಕೈ ಸೇರುತ್ತಿದೆ. ಹಾಗಾಗಿ ಒಬ್ಬೊಬ್ಬರ ರಾಶಿ ಸಾಗುತ್ತಿರುವುದು ಮೂರನೇ ಒಂದರ ಕಡೆಗೆ.

ಆದರೆ ನೀಲಕಂಠರು ‘ಸಾಗುತ್ತಿದೆ’ ಎಂಬ ಮಾತಿಗೇ ತೃಪ್ತರಾಗಲಿಲ್ಲ. ಅವರು ತಮ್ಮನ್ನೇ ಪ್ರಶ್ನೆ ಕೇಳಿಕೊಂಡರು: ಈ ಮೊತ್ತ ಅಷ್ಟಕ್ಕೇ ನಿಲ್ಲುತ್ತದೆ, ಅದನ್ನು ಮೀರುವುದಿಲ್ಲ ಎಂದು ಹೇಗೆ ಗೊತ್ತು? ಅಷ್ಟರವರೆಗೆ ನಿಜವಾಗಿ ಬೆಳೆಯುತ್ತದೆ, ಅದಕ್ಕಿಂತ ಹಿಂದೆಯೇ ಉಳಿದುಬಿಡುವುದಿಲ್ಲ ಎಂದಾದರೂ ಹೇಗೆ ಗೊತ್ತು? ಆಮೇಲೆ ಲೆಕ್ಕ ಹಾಕಿ ತೋರಿಸಿದರು. ಒಂದು ತುಂಡು ಕೂಡಿದಾಗ ಮೂರನೇ ಒಂದಕ್ಕೆ ಕಡಿಮೆ ಬೀಳುವುದು 1/12. ಎರಡು ತುಂಡಿಗೆ 1/48. ಮೂರಕ್ಕೆ 1/192. ಕೊರತೆ ಪ್ರತಿ ಸಲವೂ ನಾಲ್ಕನೇ ಒಂದಾಗುತ್ತದೆ. ಅದಕ್ಕೆ ತಳವೇ ಇಲ್ಲ.

ಐನೂರು ವರ್ಷದ ಹಿಂದಿನ ಈ ಎರಡು ಪ್ರಶ್ನೆಗಳೇ ನಮ್ಮ ಒಂಬತ್ತುಗಳ ಬೀಗಕ್ಕೂ ಕೀಲಿಕೈ. ಅವನ್ನೇ ಕೇಳೋಣ.

ಒಂಬತ್ತುಗಳ ಸಾಲು ಒಂದನ್ನು ಮೀರುತ್ತದೆಯೇ? ಇಲ್ಲ. ಎಷ್ಟು ಒಂಬತ್ತು ಬರೆದರೂ ಒಂದರೊಳಗೇ ಇರುತ್ತದೆ.

ಅದು ಒಂದಕ್ಕಿಂತ ಕಡಿಮೆಯ ಯಾವುದಾದರೂ ಸಂಖ್ಯೆಯಲ್ಲಿ ನಿಂತುಬಿಡಬಹುದೇ? ನೀವೇ ಒಂದು ಸಂಖ್ಯೆ ಹೇಳಿ. 0.99 ಎಂದಿರಾ? ಮೂರನೇ ಒಂಬತ್ತು ಅದನ್ನು ದಾಟಿ ಹೋಯಿತು. 0.99998 ಎಂದಿರಾ? ಐದು ಒಂಬತ್ತು ಬರೆದರೆ 0.99999, ದಾಟಿತು. ಒಂದಕ್ಕಿಂತ ಹತ್ತು ಲಕ್ಷದಲ್ಲಿ ಒಂದು ಭಾಗ ಮಾತ್ರ ಕಡಿಮೆ ಎಂದಿರಾ? ಏಳು ಒಂಬತ್ತು ಸಾಕು. ಒಂದಕ್ಕಿಂತ ಎಷ್ಟೇ ಸೂಕ್ಷ್ಮವಾಗಿ ಕಡಿಮೆಯಿರುವ ಸಂಖ್ಯೆಯನ್ನು ಹೇಳಿದರೂ ಸಾಲಿನಲ್ಲಿ ಒಂದು ಒಂಬತ್ತು ಅದನ್ನು ದಾಟಿಯೇ ದಾಟುತ್ತದೆ. ಹಾಗಿದ್ದ ಮೇಲೆ ಮುಗಿಯದ ಒಂಬತ್ತುಗಳ ಸಾಲು ಒಂದಕ್ಕಿಂತ ಕಡಿಮೆಯ ಯಾವ ಸಂಖ್ಯೆಯೂ ಆಗಲಾರದು. ಒಂದಕ್ಕಿಂತ ಹೆಚ್ಚೂ ಅಲ್ಲ, ಕಡಿಮೆಯೂ ಅಲ್ಲ. ಒಂದೇ.

ಮಗು ಹುಡುಕುತ್ತಿದ್ದ ‘ಒಂದಿಷ್ಟು’ ಏನಾಯಿತು? ಅದು ಹತ್ತನೇ ಒಂದಕ್ಕಿಂತ ಚಿಕ್ಕದಿರಬೇಕು, ನೂರನೇ ಒಂದಕ್ಕಿಂತ ಚಿಕ್ಕದಿರಬೇಕು, ಕೋಟಿಯಲ್ಲಿ ಒಂದಕ್ಕಿಂತಲೂ ಚಿಕ್ಕದಿರಬೇಕು. ನೀವು ಹೆಸರಿಸಬಲ್ಲ ಪ್ರತಿ ಚೂರಿಗಿಂತಲೂ ಅದು ಚಿಕ್ಕದಿರಬೇಕು. ನಮ್ಮ ಸಂಖ್ಯೆಗಳ ಲೋಕದಲ್ಲಿ ಅಂಥದ್ದು ಒಂದೇ ಇದೆ, ಸೊನ್ನೆ.

ಇಷ್ಟಾದರೂ ಸಮಾಧಾನವಾಗದವರಿಗೆ ಇನ್ನೊಂದು ದಾರಿಯಿದೆ. ಎರಡು ಬೇರೆ ಬೇರೆ ಸಂಖ್ಯೆಗಳ ನಡುವೆ ಯಾವಾಗಲೂ ಮತ್ತೊಂದು ಸಂಖ್ಯೆ ಇರುತ್ತದೆ. ಎರಡನ್ನೂ ಕೂಡಿ ಅರ್ಧ ಮಾಡಿದರೆ ಅದು ಸಿಗುತ್ತದೆ. 0.999… ಮತ್ತು 1 ಬೇರೆಯಾದರೆ ಅವುಗಳ ನಡುವೆ ಇರುವ ಸಂಖ್ಯೆಯನ್ನು ಬರೆಯಿರಿ ನೋಡೋಣ. ಅದು 0.9 ಎಂದೇ ಶುರುವಾಗಬೇಕು. ಎರಡನೇ ಅಂಕಿಯೂ ಒಂಬತ್ತೇ ಆಗಬೇಕು, ಇಲ್ಲದಿದ್ದರೆ ಅದು ನಮ್ಮ ಸಾಲಿಗಿಂತ ಕಡಿಮೆಯಾಗುತ್ತದೆ. ಮೂರನೆಯದೂ, ನಾಲ್ಕನೆಯದೂ ಹಾಗೆಯೇ. ಬರೆಯುತ್ತ ಹೋದರೆ ನೀವು 0.999…ನ್ನೇ ಮತ್ತೆ ಬರೆದಿರುತ್ತೀರಿ.

ಶಾಲೆಯಲ್ಲಿ ಕಲಿಸುವ ಬೀಜಗಣಿತದ ದಾರಿ ಇನ್ನೂ ಚಿಕ್ಕದು. 0.999…ಕ್ಕೆ ‘ಸ’ ಎಂದು ಹೆಸರಿಡಿ. ಹತ್ತರಿಂದ ಗುಣಿಸಿದರೆ ಚುಕ್ಕಿ ಒಂದು ಮನೆ ಬಲಕ್ಕೆ ಸರಿದು 10ಸ = 9.999… ಆಗುತ್ತದೆ. ಇದರಿಂದ ‘ಸ’ವನ್ನು ಕಳೆಯಿರಿ. ಚುಕ್ಕಿಯ ಮುಂದಿನ ಒಂಬತ್ತುಗಳೆಲ್ಲ ಒಂದಕ್ಕೊಂದು ಹೊಡೆದುಹೋಗುತ್ತವೆ. ಉಳಿಯುವುದು 9ಸ = 9. ಆದ್ದರಿಂದ ಸ = 1.

ಇಲ್ಲಿ ಜಾಣ ಮಕ್ಕಳು ಒಂದು ತಕರಾರು ತೆಗೆಯುತ್ತಾರೆ. ಹತ್ತರಿಂದ ಗುಣಿಸಿದಾಗ ಕೊನೆಯಲ್ಲಿ ಒಂದು ಸೊನ್ನೆ ಬರಬೇಕಲ್ಲವೇ, 0.999ನ್ನು ಗುಣಿಸಿದರೆ 9.990 ಬರುವ ಹಾಗೆ? ಒಳ್ಳೆಯ ಪ್ರಶ್ನೆ. 0.999ಕ್ಕೆ ಕೊನೆಯಿದೆ, ಆದ್ದರಿಂದ ಸೊನ್ನೆ ಕೂರಲು ಅಲ್ಲಿ ಜಾಗವಿದೆ. 0.999…ಕ್ಕೆ ಕೊನೆಯ ಮನೆ ಎಂಬುದೇ ಇಲ್ಲ. ಇಲ್ಲದ ಮನೆಯಲ್ಲಿ ಸೊನ್ನೆಯನ್ನು ಕೂರಿಸುವುದು ಹೇಗೆ? ಈ ತಕರಾರನ್ನು ಸರಿಯಾಗಿ ಬಿಡಿಸಿಕೊಂಡವರಿಗೆ ಆ ಮೂರು ಚುಕ್ಕಿಗಳ ಅರ್ಥ ಕೈವಶವಾಯಿತು ಎಂದೇ ನಾನು ತಿಳಿಯುತ್ತೇನೆ. ಆ ಚುಕ್ಕಿಗಳು ‘ಇನ್ನೂ ಬರೆಯುತ್ತಿದ್ದೇನೆ, ಕಾಯಿರಿ’ ಎಂದು ಹೇಳುವುದಿಲ್ಲ. ಒಂಬತ್ತುಗಳೆಲ್ಲ ಆಗಲೇ ಅಲ್ಲಿವೆ ಎನ್ನುತ್ತವೆ. 0.999… ಎಲ್ಲಿಗೂ ನಡೆದು ಹೋಗುತ್ತಿಲ್ಲ. ಅದು ಸಂಖ್ಯಾರೇಖೆಯ ಮೇಲೆ ಒಂದು ಜಾಗದ ಹೆಸರು. ಅದೇ ಜಾಗಕ್ಕೆ 1 ಎಂದೂ ಹೆಸರು, 3/3 ಎಂದೂ ಹೆಸರು. ಮೂರನೇ ಒಂದು ರುಪಿಯಾವನ್ನು ಒಬ್ಬರು 320 ರೇಯಿಸ್ ಎಂದರು, ಇನ್ನೊಬ್ಬರು 5 ತಂಗಾ 20 ರೇಯಿಸ್ ಎಂದರು, ಹಣ ಬೇರೆಯಾಯಿತೇ? ಪೋರ್ಚುಗೀಸ್ ಪುಸ್ತಕಗಳಲ್ಲಿ ದಶಮಾಂಶಕ್ಕೆ ಚುಕ್ಕಿಯ ಬದಲು ಅಲ್ಪವಿರಾಮ ಹಾಕಿ 0,333… ಎಂದು ಬರೆಯುತ್ತಾರೆ. ಅದರಿಂದಲೂ ಸಂಖ್ಯೆ ಬದಲಾಗುವುದಿಲ್ಲ.

ಸ್ವಿಟ್ಜರ್ಲೆಂಡಿನ ಮಹಾ ಗಣಿತಜ್ಞ ಆಯ್ಲರ್ ಕೂಡ 1770ರ ತನ್ನ ಬೀಜಗಣಿತ ಪುಸ್ತಕದಲ್ಲಿ 9.999… ಎಂದರೆ 10 ಎಂದು ತೋರಿಸಿದ್ದಾನೆ. ಹಾಗಾಗಿ ಈ ಮಾತು ಹೊಸದೂ ಅಲ್ಲ, ಇನ್ನೂ ತೀರ್ಮಾನವಾಗದ ವಾದವೂ ಅಲ್ಲ.

ಮನೆಯಲ್ಲಿ ಸಾದಾ ಕ್ಯಾಲ್ಕುಲೇಟರ್ ಇದ್ದರೆ 1ನ್ನು 3ರಿಂದ ಭಾಗಿಸಿ, ಬಂದದ್ದನ್ನು 3ರಿಂದ ಗುಣಿಸಿ. ಕೆಲವು ಯಂತ್ರಗಳು 0.9999999 ಎಂದು ತೋರಿಸುತ್ತವೆ. ‘ನೋಡಿ, ಒಂದು ಬರಲಿಲ್ಲ’ ಎಂದು ಅದನ್ನು ಸಾಕ್ಷಿಗೆ ಕರೆಯಬೇಡಿ. ಆ ಯಂತ್ರದಲ್ಲಿ ಅಂಕಿಗಳಿಗೆ ಇರುವುದು ಎಂಟೇ ಮನೆ. ಅದು ಏಳು ಮೂರುಗಳಲ್ಲಿ ನಿಂತುಬಿಟ್ಟಿತು. ನಿಂತವರಿಗೆ ತುಂಡು ಉಳಿಯುತ್ತದೆ ಎಂದು ಆಗಲೇ ನೋಡಿದ್ದೇವೆ. ಕಂಪ್ಯೂಟರಿನದೂ ಇದೇ ಪಾಡು. ಅದು ಎರಡರ ಲೆಕ್ಕದಲ್ಲಿ ಸಂಖ್ಯೆಗಳನ್ನು ಬರೆದುಕೊಳ್ಳುವುದರಿಂದ ನಮಗೆ ಸಲೀಸಾದ ಹತ್ತನೇ ಒಂದು ಅದಕ್ಕೆ ಮುಗಿಯದ ಆವರ್ತವಾಗುತ್ತದೆ. ಮೂರರ ಲೆಕ್ಕದಲ್ಲಿ ಬರೆಯುವ ಜನ ಎಲ್ಲಾದರೂ ಇದ್ದಿದ್ದರೆ ಅವರಿಗೆ ಮೂರನೇ ಒಂದು ಎಂದರೆ ಬರೀ 0.1. ಆದರೆ ಅವರಿಗೂ ತಮ್ಮದೇ ಒಂದು ವಿಚಿತ್ರ ಎದುರಾಗುತ್ತಿತ್ತು: ಅವರ ಬರಹದಲ್ಲಿ 0.222… ಎಂದರೆ 1.

ಗಣಿತದ ಒಂದಕ್ಕೂ ಕೈಯಲ್ಲಿ ಹಿಡಿಯುವ ವಸ್ತುವಿಗೂ ಇರುವ ಅಂತರವನ್ನು ನೆನೆಯುವಾಗ ಗೋವೆಯಲ್ಲೇ ಹುಟ್ಟಿದ ಒಬ್ಬರ ಹೆಸರು ಹೇಳದಿರಲಾರೆ. ದಾಮೋದರ ಧರ್ಮಾನಂದ ಕೋಸಂಬಿ ಅಲ್ಲಿ 1907ರಲ್ಲಿ ಹುಟ್ಟಿದರು. ಅವರ ತಂದೆ ಧರ್ಮಾನಂದ ಕೋಸಂಬಿ ಬೌದ್ಧ ಸಾಹಿತ್ಯದ ದೊಡ್ಡ ವಿದ್ವಾಂಸರು. ಮಗ ಗಣಿತಜ್ಞರಾದರು, ಮುಂಬೈಯ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯಲ್ಲಿ ಕೆಲಸ ಮಾಡಿದರು. ಅವರಿಗೆ ಹಳೆಯ ನಾಣ್ಯಗಳ ಮೇಲೆ ವಿಪರೀತ ಪ್ರೀತಿ. ನಾಣ್ಯವೊಂದು ಕೈಯಿಂದ ಕೈಗೆ ಹೋದಂತೆಲ್ಲ ಕಣ್ಣಿಗೆ ಕಾಣದಷ್ಟು ಸವೆಯುತ್ತದೆ, ತೂಕ ಇಳಿಯುತ್ತದೆ. ಕೋಸಂಬಿಯವರು ಪ್ರಾಚೀನ ಭಾರತದ ಸಾವಿರಾರು ಬೆಳ್ಳಿ ನಾಣ್ಯಗಳನ್ನು ಸೂಕ್ಷ್ಮ ತಕ್ಕಡಿಯಲ್ಲಿ ತೂಗಿದರು. ಆ ತೂಕಗಳನ್ನು ಸಂಖ್ಯಾಶಾಸ್ತ್ರದಿಂದ ಪರೀಕ್ಷಿಸಿ, ಯಾವ ನಾಣ್ಯ ಹೆಚ್ಚು ಕಾಲ ಚಲಾವಣೆಯಲ್ಲಿತ್ತು, ಯಾವುದು ಕಡಿಮೆ ಎಂದು ಲೆಕ್ಕ ಹಾಕಿದರು. ನಾಣ್ಯಗಳಿಂದ ಚರಿತ್ರೆಯನ್ನು ಓದಿಸಿದ ಈ ಕೆಲಸ ನನಗೆ ಬಹಳ ದೊಡ್ಡದಾಗಿ ಕಾಣುತ್ತದೆ.

ತಕ್ಕಡಿ ಎಷ್ಟೇ ಸೂಕ್ಷ್ಮವಾಗಿರಲಿ, ಅದು ಕೊಡುವುದು ಕೆಲವೇ ಅಂಕಿ. ಚುಕ್ಕಿಯ ಮುಂದೆ ನಾಲ್ಕೋ ಐದೋ ಸ್ಥಾನ, ಅಲ್ಲಿಗೆ ಮುಗಿಯಿತು. ತಕ್ಕಡಿಯ ಲೋಕದಲ್ಲಿ 0.999 ಗ್ರಾಂ ಬೇರೆ, 1 ಗ್ರಾಂ ಬೇರೆ. ಆ ಚಿಕ್ಕ ಅಂತರವನ್ನು ಬಿಡದೆ ಹಿಡಿದದ್ದರಿಂದಲೇ ಕೋಸಂಬಿಯವರಿಗೆ ಉತ್ತರ ಸಿಕ್ಕಿತು. ಮುಗಿಯದ ಒಂಬತ್ತು ಮಾತ್ರ ಯಾವ ತಕ್ಕಡಿಯಲ್ಲೂ ಕೂರುವುದಿಲ್ಲ. ಅದನ್ನು ತೂಗಬೇಕಾದ್ದು ತರ್ಕದಲ್ಲಿ.

ಹಾಗಾದರೆ ಯಾವ ಆವರ್ತ ದಶಮಾಂಶ ಬೇಕಾದರೂ ಪೂರ್ಣಾಂಕವಾಗಬಹುದೇ? ಇಲ್ಲ. ಇದಕ್ಕೊಂದು ಚೆಂದದ ಸೂತ್ರವಿದೆ. ಚುಕ್ಕಿಯ ಮುಂದೆಯೇ ಮರುಕಳಿಸುವ ಅಂಕಿಗಳನ್ನು ಅಂಶದಲ್ಲಿ ಬರೆಯಿರಿ, ಎಷ್ಟು ಅಂಕಿಗಳಿವೆಯೋ ಅಷ್ಟು ಒಂಬತ್ತುಗಳನ್ನು ಛೇದದಲ್ಲಿ ಬರೆಯಿರಿ. 0.333… ಎಂದರೆ 3/9, ಅಂದರೆ 1/3. 0.272727… ಎಂದರೆ 27/99, ಅಂದರೆ 3/11. ಇದೂ ಹತ್ತರಿಂದ, ನೂರರಿಂದ ಗುಣಿಸಿ ಕಳೆಯುವ ಮೇಲಿನ ಉಪಾಯದಿಂದಲೇ ಬರುತ್ತದೆ. ಅಂಶ ಛೇದಕ್ಕಿಂತ ಚಿಕ್ಕದಾದರೆ ಅದು ಒಂದಕ್ಕಿಂತ ಕಡಿಮೆಯ ಭಿನ್ನರಾಶಿಯಾಗಿಯೇ ಉಳಿಯುತ್ತದೆ. ಅಂಶ ಛೇದ ಎರಡೂ ಸಮವಾಗಬೇಕಾದರೆ ಅಂಶವೂ ಬರೀ ಒಂಬತ್ತುಗಳೇ ಆಗಿರಬೇಕು. ಹೀಗೆ ಒಂಬತ್ತೊಂದಕ್ಕೇ ಆ ಭಾಗ್ಯ. ಒಂದಕ್ಕೆ ಮಾತ್ರವಲ್ಲ, ಸೊನ್ನೆಯೊಂದನ್ನು ಬಿಟ್ಟು ಉಳಿದೆಲ್ಲ ಪೂರ್ಣಾಂಕಗಳಿಗೂ ಇಂಥ ಎರಡನೆಯ ಬರಹವಿದೆ. 24.999… ಎಂದರೆ 25, 99.999… ಎಂದರೆ 100.

ಈಗ ಬರೆದಿಟ್ಟುಕೊಂಡ 142857ನ್ನು ತೆಗೆಯಿರಿ. ಸೂತ್ರದ ಪ್ರಕಾರ 142857/999999 ಎಂದರೆ 1/7. ಅಂದರೆ 142857ನ್ನು 7ರಿಂದ ಗುಣಿಸಿದರೆ ಆರು ಒಂಬತ್ತುಗಳು ಸಾಲಾಗಿ ಬರಬೇಕು. ಬರುತ್ತವೆ. ಮಹಾವೀರಾಚಾರ್ಯರ ಗಣಿತಸಾರಸಂಗ್ರಹದಲ್ಲಿ ಗುಣಾಕಾರದ ಲೆಕ್ಕವೊಂದಿದೆ: 142857143ನ್ನು 7ರಿಂದ ಗುಣಿಸಿ. ಉತ್ತರ 1000000001. ಎಡದಿಂದ ಓದಿದರೂ ಬಲದಿಂದ ಓದಿದರೂ ಒಂದೇ. ಇಂಥ ಗುಣಲಬ್ಧಗಳನ್ನು ಅವರು ಕೊರಳ ಹಾರಗಳೆಂದು ಕರೆದರು. ದಶಮಾಂಶ ಚುಕ್ಕಿ ಇನ್ನೂ ಬಳಕೆಗೆ ಬಾರದ ಕಾಲದಲ್ಲಿ, ಮಳಖೇಡದ ಆಳ್ವಿಕೆಯ ಆ ಗಣಿತಜ್ಞರ ಕೈಯಲ್ಲಿ ಏಳನೇ ಒಂದರ ಅಂಕಿಗಳು ಆಗಲೇ ಆಡಿದ್ದವು ಎಂಬುದು ನನಗೆ ಇಂದಿಗೂ ಹಿಗ್ಗು ತರುವ ಸಂಗತಿ.

ಇನ್ನೂ ಒಂದು ಬೆಡಗು ಅದರೊಳಗಿದೆ. ಆ ಆರು ಅಂಕಿಗಳನ್ನು ನಡುವೆ ಕತ್ತರಿಸಿ ಎರಡು ಭಾಗ ಮಾಡಿ: 142 ಮತ್ತು 857. ಕೂಡಿಸಿ. 999! ಕಾರಣ ಹೀಗೆ: 1/7 ಎಂದರೆ 0.142857…, 6/7 ಎಂದರೆ 0.857142…. ಎರಡೂ ಸೇರಿ ಪೂರ್ತಿ ಒಂದು. ಅವುಗಳ ಅಂಕಿಗಳನ್ನು ಒಂದರ ಕೆಳಗೆ ಒಂದು ಬರೆದು ಕೂಡಿದರೆ ಪ್ರತಿ ಸ್ಥಾನದಲ್ಲೂ ಒಂಬತ್ತು ಬರುತ್ತದೆ, ಮುಗಿಯದ ಒಂಬತ್ತು. ಎರಡರಲ್ಲೂ ಇರುವುದು ಅದೇ ಅಂಕಿಗಳು, ಅರ್ಧ ಸುತ್ತು ತಿರುಗಿವೆ ಅಷ್ಟೇ. 1/13ಕ್ಕೂ ಹೀಗೆಯೇ: ಅಂಕಿಗಳು 076923, 076ಕ್ಕೆ 923 ಕೂಡಿದರೆ 999. ಛೇದ ಅವಿಭಾಜ್ಯ ಸಂಖ್ಯೆಯಾಗಿ, ಮರುಕಳಿಸುವ ಅಂಕಿಗಳು ಸಮಸಂಖ್ಯೆಯಲ್ಲಿದ್ದರೆ ಯಾವಾಗಲೂ ಹೀಗಾಗುತ್ತದೆ ಎಂದು ಮಿಡಿ ಎಂಬ ಫ್ರೆಂಚ್ ಗಣಿತಜ್ಞ 1836ರಲ್ಲಿ ತೋರಿಸಿಕೊಟ್ಟ.

ಕರ್ನಾಟಕದಲ್ಲಿ ಓದುವ ಮಕ್ಕಳೂ ಗೋವೆಯ ಕನ್ನಡ ಶಾಲೆಗಳಲ್ಲಿ ಓದುವ ಮಕ್ಕಳೂ ಈ ಭಾನುವಾರ ಒಂದು ಕೆಲಸ ಮಾಡಿ. ಕಾಗದ, ಪೆನ್ಸಿಲ್ ಹಿಡಿದು 1ನ್ನು 17ರಿಂದ ಭಾಗಿಸಿ. ಕ್ಯಾಲ್ಕುಲೇಟರ್ ಮುಟ್ಟಬೇಡಿ, ಅದರ ಮನೆಗಳು ಸಾಲುವುದಿಲ್ಲ. ಹದಿನಾರು ಅಂಕಿ ಬರುವವರೆಗೆ ಬಿಡದೆ ಮುಂದುವರಿಯಿರಿ. ಮೊದಲ ಅಂಕಿ ಸೊನ್ನೆ, ಅದನ್ನೂ ಎಣಿಸಬೇಕು. ಆಮೇಲೆ ಮೊದಲ ಎಂಟು ಅಂಕಿಗಳನ್ನು ಕೊನೆಯ ಎಂಟು ಅಂಕಿಗಳ ಜೊತೆ ಕೂಡಿಸಿ, ಬಂದದ್ದನ್ನು ನಿಮ್ಮ ಗಣಿತದ ಮೇಷ್ಟ್ರಿಗೆ ತೋರಿಸಿ.